ಜೂರಾಕಾನ್ ಅಪಾ ಕಟ್ಟಿದ ಉಣ್ಣೆಡೇರೆ

ಬದುಕಿರುವವರ ಮನೆ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಗೋಳಾಡಿದ ಕೀರ್ತಿ ನಮ್ಮ ಕೋಕ್-ಬುಲಾಕಿನಲ್ಲಿ ಸದ್ಯಕ್ಕೆ ನನಗೊಬ್ಬನಿಗೇ ಸಲ್ಲುತ್ತದೆ.

ನನ್ನದು ಹಾಲಿನ ವ್ಯಾನಿನ ಕೆಲಸ. ಸರೋವರದ ದಕ್ಷಿಣ ದಂಡೆಯ ನಾಲ್ಕು ಹಳ್ಳಿಗಳಲ್ಲಿ ಮನೆಮನೆಯ ಹಾಲನ್ನು ಕ್ಯಾನಿಗೆ ಸುರಿಸಿಕೊಂಡು ಡೈರಿಗೆ ಮುಟ್ಟಿಸಬೇಕು. ಸಂಬಳ ಡೈರಿಯದು, ಬೈಗುಳ ಹಳ್ಳಿಯದು. ಇಂಥ ಕೆಲಸದಲ್ಲಿರುವವನಿಗೆ ಯಾರ ಹಸು ಬತ್ತಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ನನಗೆ ಎಲ್ಲವೂ ಗೊತ್ತು ಎಂಬ ಜಂಬ ತಲೆಗೇರುವುದೂ ಅಷ್ಟೇ ಸುಲಭ.

ಹಿರಿಯ ಹೆಂಗಸರನ್ನು ನಾವು ಅಪಾ, ಅಂದರೆ ಅಮ್ಮ, ಎಂದು ಕರೆಯುತ್ತೇವೆ. ಆ ಅಕ್ಟೋಬರಿನಲ್ಲಿ ಜೂರಾಕಾನ್ ಅಪಾ ಎರಡು ದಿನ ಗೇಟಿನ ಹತ್ತಿರ ಕಾಣಲಿಲ್ಲ. ಅವರಿಗೆ ಹಸುವಿಲ್ಲ, ದಿನಾ ನನ್ನ ಕ್ಯಾನಿನಿಂದಲೇ ಒಂದು ಲೀಟರ್ ಹಾಲು ತೆಗೆದುಕೊಳ್ಳುವವರು. ಮೂರನೆಯ ಬೆಳಗ್ಗೆ ತಿರುವಿನಲ್ಲಿ ವ್ಯಾನು ತಿರುಗಿಸುತ್ತಿದ್ದಂತೆ ನೋಡುತ್ತೇನೆ, ಅವರ ಅಂಗಳದಲ್ಲಿ ಉಣ್ಣೆಡೇರೆ ಎದ್ದು ನಿಂತಿದೆ. ಮನೆಯೆಂಬುದೊಂದು ಇದ್ದೂ ಅಂಗಳದಲ್ಲಿ ಡೇರೆ ಎದ್ದಿತೆಂದರೆ, ಮದುವೆ ಮುಂಜಿಯ ಸುದ್ದಿಯೂ ಇಲ್ಲವೆಂದರೆ, ನಮ್ಮಲ್ಲಿ ಅದಕ್ಕೆ ಅರ್ಥ ಒಂದೇ. ತೀರಿಕೊಂಡವರನ್ನು ಒಳಗೆ ಮಲಗಿಸಿದ್ದಾರೆ. ಆಗ ಏನಾಯಿತು, ಹೇಗಾಯಿತು ಎಂದು ಕೇಳುತ್ತ ನಿಲ್ಲುವಂತಿಲ್ಲ. ಗಂಡಸಾದವನು ಸೊಂಟಕ್ಕೆ ಕೈಕೊಟ್ಟು, ಬಾಗಿ, ದೂರದಿಂದಲೇ ಗಟ್ಟಿಯಾಗಿ ಅಳುತ್ತ ಡೇರೆಯ ಕಡೆಗೆ ನಡೆಯಬೇಕು. ಕಣ್ಣೀರು ಬರದಿದ್ದರೂ ನಡೆಯುತ್ತದೆ, ದನಿ ಬರಬೇಕು.

ಬೇರೆ ಸಾವುಗಳಲ್ಲಿ ನಾನು ನಾಲ್ಕು ಜನರ ಹಿಂದೆ ಸೇರಿಕೊಂಡು ಬಾಯಾಡಿಸಿದವನು. ಅವತ್ತು ಮುಂದೆ ಯಾರೂ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಒಂದು ಕ್ಷಣ ಯೋಚಿಸಿದ್ದರೂ ಮಾನ ಉಳಿಯುತ್ತಿತ್ತು. ನನಗೆ ಅನ್ನಿಸಿದ್ದು ಬೇರೆ: ಪಾಪ, ದಿಕ್ಕಿಲ್ಲದ ಹೆಂಗಸು, ಮೊದಲ ಅಳು ನನ್ನದೇ ಆಗಲಿ. ವ್ಯಾನನ್ನು ರಸ್ತೆ ಮಧ್ಯದಲ್ಲೇ ಬಿಟ್ಟು, ‘ನನ್ನ ತಾಯಂಥವಳೇ, ಬೆಟ್ಟದಂಥವಳೇ, ನಮ್ಮನ್ನೆಲ್ಲ ಬಿಟ್ಟು ಎಲ್ಲಿಗೆ ಹೋದೆ’ ಎಂದು ಶುರುಮಾಡಿದೆ. ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಡೇರೆಯ ಬಾಗಿಲಿಗೆ ಹತ್ತು ಹೆಜ್ಜೆ ಇದೆ ಎನ್ನುವಾಗ ಪರದೆ ಮೇಲಕ್ಕೆದ್ದಿತು. ಕೈಯಲ್ಲಿ ಕೆಟಲ್ ಹಿಡಿದು ಅಪಾ ಹೊರಗೆ ಬಂದರು.

“ಎಲ್ಲಿಗೂ ಹೋಗಿಲ್ಲ, ಟೀ ಕಾಯಿಸ್ತಿದ್ದೆ,” ಎಂದರು. “ಯಾರಪ್ಪ ಸತ್ತಿದ್ದು?”

ನಾನು ಸೊಂಟದಿಂದ ಕೈ ತೆಗೆಯುವಷ್ಟರಲ್ಲಿ ಬೀದಿಯ ಆ ತುದಿಯಿಂದ ಇನ್ನೊಂದು ಅಳು ಎದ್ದಿತು. ನನ್ನದನ್ನು ಕೇಳಿ ಊರು ಹೊರಟುಬಿಟ್ಟಿತ್ತು.

ಊರು ಬಂದು ಮುಟ್ಟುವ ಮೊದಲು ಅಪಾ ಇಲ್ಲಿಗೆ ಬಂದ ಕತೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಜೂರಾಕಾನ್ ಅಪಾ ನಮ್ಮ ರಾಜಧಾನಿ ಬಿಷ್ಕೆಕ್ ನಗರದಲ್ಲಿ ಇಪ್ಪತ್ತೇಳು ವರ್ಷ ಟ್ರಾಲಿಬಸ್ಸು ಓಡಿಸಿದವರು. ತಲೆಯ ಮೇಲೆ ಕರೆಂಟಿನ ತಂತಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಆ ಬಸ್ಸು. ತಂತಿ ಬಿಟ್ಟು ಎರಡು ಮಾರು ಆಚೆ ಹೋದರೆ ನಿಂತಲ್ಲೇ ನಿಂತುಬಿಡುತ್ತದೆ. ಆಗ ಚಾಲಕಿ ಕೆಳಗಿಳಿದು, ಹಿಂದಿನ ಹಗ್ಗ ಎಳೆದು, ಬಸ್ಸಿನ ನೆತ್ತಿಯ ಕೋಲನ್ನು ಮತ್ತೆ ತಂತಿಗೆ ಸಿಕ್ಕಿಸಬೇಕು. ಚಳಿಗಾಲದಲ್ಲಿ ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು, ಒಳಗೆ ಕುಳಿತವರಿಂದ ಬೈಸಿಕೊಳ್ಳುತ್ತ, ಆ ಹಗ್ಗ ಎಳೆದು ಎಳೆದು ಅವರ ಬಲತೋಳು ಎಡತೋಳಿಗಿಂತ ದಪ್ಪ. ಗಂಡ ತೀರಿಕೊಂಡಿದ್ದರು. ಮಗಳು ಬೇಗಾಯಿಮ್ ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಗಂಡನ ಸಮೇತ ಅಮ್ಮನ ಫ್ಲಾಟಿನಲ್ಲೇ ಇದ್ದಳು. ನಿವೃತ್ತಿಯಾದಾಗ ಡಿಪೋದವರು ಒಂದು ಹೂಗುಚ್ಛವನ್ನೂ ಸರೋವರದ ದಂಡೆಯ ವಿಶ್ರಾಂತಿಗೃಹದಲ್ಲಿ ಹತ್ತು ದಿನ ಉಳಿಯುವ ಚೀಟಿಯನ್ನೂ ಕೊಟ್ಟರು. ಹೂವು ಬಾಡಿತು, ಚೀಟಿ ಕೆಲಸ ಮಾಡಿತು.

ವಿಶ್ರಾಂತಿಗೃಹದಲ್ಲಿ ಮಣ್ಣಿನ ಲೇಪ ಹಚ್ಚಿಸಿಕೊಂಡು ಬೇಸರ ಬಂದು, ಐದನೆಯ ದಿನ ಅಪಾ ನಡೆಯುತ್ತ ನಡೆಯುತ್ತ ನಮ್ಮೂರಿಗೆ ಬಂದರು. ತುರ್ದುಬೆಕ್ ಹಿರಿಯರ ಅಂಗಳದಲ್ಲಿ ಅವರ ಹೆಂಡತಿ ಬಾತ್ಮಾ ಆರೇಳು ಹೆಂಗಸರನ್ನು ಕೂಡಿಸಿಕೊಂಡು ಉಣ್ಣೆಹಾಸು ಮಾಡುತ್ತಿದ್ದಳು. ಹಿಂಜಿದ ಉಣ್ಣೆಯನ್ನು ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಎರಚಿ, ಚಾಪೆ ಸುತ್ತಿ, ಒದ್ದು ಉರುಳಿಸಿ, ಬಿಚ್ಚಿ ಮೊಣಕೈಯಿಂದ ಒತ್ತಿದರೆ ಕೂದಲಿಗೆ ಕೂದಲು ಹೆಣೆದುಕೊಂಡು ದಪ್ಪ ಹಾಸಾಗುತ್ತದೆ. ಒಬ್ಬಳ ಕೈ ಸೋತಿತ್ತು. ಅಪಾ ಕೇಳದೆಯೇ ಅವಳ ಜಾಗದಲ್ಲಿ ಕುಳಿತರು. ಆ ಬಲತೋಳನ್ನು ನೋಡಿ ಬಾತ್ಮಾ ಚಾಪೆಯನ್ನು ಇನ್ನಷ್ಟು ಅವರ ಕಡೆಗೆ ಸರಿಸಿದಳಂತೆ. ಸಂಜೆಯವರೆಗೆ ಒತ್ತಿದರು. ಮಿಕ್ಕ ದಿನಗಳಲ್ಲೂ ವಿಶ್ರಾಂತಿಗೃಹದವರಿಗೆ ಅವರು ಊಟಕ್ಕೆ ಮಾತ್ರ ಸಿಕ್ಕಿದರು.

ನಗರಕ್ಕೆ ಮರಳಿದ ಮೇಲೆ ಚಳಿಗಾಲವಿಡೀ ಕಿಟಕಿ ಪಕ್ಕ ಕುಳಿತು ಯೋಚಿಸಿ, ಮಾರ್ಚ್ ತಿಂಗಳಲ್ಲಿ ಮಗಳಿಗೆ ಹೇಳಿದರು: ಕೋಕ್-ಬುಲಾಕಿನಲ್ಲಿ ಎರಡು ಕೋಣೆಯ ಮಣ್ಣಿಟ್ಟಿಗೆಯ ಮನೆಯೊಂದನ್ನು ಗೊತ್ತುಮಾಡಿದ್ದೇನೆ, ಅಲ್ಲೇ ಇರುತ್ತೇನೆ, ಹಾಸು ಮಾಡುತ್ತೇನೆ.

ಬೇಗಾಯಿಮ್ ಕಣ್ಣು ಕೆಂಪು ಮಾಡಿದಳು, ಅತ್ತಳು, ಅಡುಗೆಮನೆಯ ಬಾಗಿಲು ಬಡಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಅಪಾ ಅವರ ತಂದೆಯ ಕಡೆಯವರು ತಲಾಸಿನವರು, ಗಂಡನ ಕಡೆಯವರು ನಾರಿನ್ನಿನವರು, ಎರಡೂ ಬೇರೆ ಸೀಮೆ. ಕೋಕ್-ಬುಲಾಕಿನಲ್ಲಿ ಬೇರೂ ಇಲ್ಲ, ಬಳ್ಳಿಯೂ ಇಲ್ಲ. ನಮ್ಮಲ್ಲಿ ಹೊಸಬರು ಕಂಡರೆ ಕೇಳುವ ಮೊದಲ ಪ್ರಶ್ನೆ ‘ಯಾರ ಕುಲದವಳು’ ಎಂಬುದು. ಆ ಪ್ರಶ್ನೆಗೆ ಈ ಊರಿನಲ್ಲಿ ಉತ್ತರವಿಲ್ಲದ ಹೆಂಗಸು ಅರುವತ್ತರ ಹತ್ತಿರ ಬಂದು ನಿಂತರೆ ಏನು ಮಾಡುವುದು? ಕೊನೆಗೆ ಮಗಳು ಒಂದು ಕರಾರು ಹಾಕಿದಳು. ಹೊಸದಾಗಿ ಬಂದು ನೆಲೆಸಿದವರನ್ನು ಮೊದಲೇ ಇದ್ದವರು ಕರೆದು ಉಣ್ಣಿಸುವ ಪದ್ಧತಿ ನಮ್ಮದು. ಎರುಲುಕ್ ಎನ್ನುತ್ತಾರೆ. ಒಂದು ಮನೆಯವರಾದರೂ ಅದಕ್ಕೆ ಕರೆದರೆ ಇನ್ನು ಚಕಾರ ಎತ್ತುವುದಿಲ್ಲ. ಮೊದಲ ಹಿಮ ಬೀಳುವವರೆಗೂ ಯಾರೂ ಕರೆಯದಿದ್ದರೆ ಕಾರು ತಂದು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ನಿನ್ನ ಕೋಣೆ ಹಾಗೇ ಇರುತ್ತದೆ, ಚಪ್ಪಲಿಯೂ ಬಾಗಿಲಲ್ಲೇ ಇರುತ್ತದೆ ಎಂದಳು. ಅಪಾ ಒಪ್ಪಿದರು. ಒಂದು ಹೊತ್ತಿನ ಊಟ ತಾನೇ, ಒಂದು ವಾರದಲ್ಲಿ ಕರೆಯುತ್ತಾರೆ ಎಂದುಕೊಂಡಿದ್ದರು.

ವಾರವಲ್ಲ, ಏಳು ತಿಂಗಳಾಯಿತು. ಊರು ಕೆಟ್ಟದ್ದೇನಲ್ಲ. ಬಾತ್ಮಾ ಕೆಲಸ ಕಲಿಸಿದಳು. ಅಪಾ ಮಾಡಿದ ಮೊದಲ ಹಾಸನ್ನು ಬೆಳಕಿಗೆ ಹಿಡಿದು, ಹಿಟ್ಟು ಜರಡಿ ಹಿಡಿಯುವುದಕ್ಕೆ ಇಟ್ಟುಕೋ ಎಂದಳು. ಆರನೆಯದಕ್ಕೆ ಹೂಂ ಎಂದಳು. ಬೀದಿಯಲ್ಲಿ ಕಂಡವರು ಆರೋಗ್ಯ ವಿಚಾರಿಸುತ್ತಿದ್ದರು, ಸೇಬು ಕೊಡುತ್ತಿದ್ದರು. ಆದರೆ ಬೇಸಿಗೆಯಲ್ಲಿ ಸರೋವರಕ್ಕೆಂದು ಬಂದು ಬಾಡಿಗೆಗೆ ಇದ್ದು ಹೋಗುವವರಿಗೂ ಅವರು ಅಷ್ಟನ್ನೇ ಮಾಡುತ್ತಾರೆ. ಎರುಲುಕ್ ಇರುವುದು ಉಳಿಯುವವರಿಗೆ. ನಗರದವಳು, ಚಳಿ ಬಿದ್ದ ಕೂಡಲೇ ಹೊರಡುತ್ತಾಳೆ ಎಂದು ಊರು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿತ್ತು. ಕರೆಯಿರಿ ಎಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿ ಉಂಡರೆ ಅದು ಎರುಲುಕ್ ಅಲ್ಲ, ಭಿಕ್ಷೆ. ಸೆಪ್ಟೆಂಬರಿನಲ್ಲಿ ಬೆಟ್ಟದ ತುದಿ ಬೆಳ್ಳಗಾದಾಗ ಅಪಾ ಹಾಲಿಗೆ ಬಂದು ನಿಂತು ಬೆಟ್ಟವನ್ನೇ ನೋಡುತ್ತಿದ್ದರು. ನಾನು ಅದನ್ನು ನಿಸರ್ಗಪ್ರೇಮ ಎಂದುಕೊಂಡೆ.

ಒಮ್ಮೆ ಮಾತ್ರ, ನಾನೂ ಮಾಸ್ಕೋಗೆ ದುಡಿಯಲು ಹೋಗುತ್ತೇನೆ ಎಂದು ಕೊಚ್ಚಿಕೊಂಡಾಗ, ಯಾವಾಗ ಎಂದು ಕೇಳಿದರು. ಮೂರು ವರ್ಷದಿಂದ ಹೇಳುತ್ತಿದ್ದೇನೆ ಎಂದೆ. ಅಪಾ ಹಾಲಿನ ಡಬ್ಬಿಯ ಮುಚ್ಚಳ ಹಾಕುತ್ತ, “ನಿನ್ನ ವ್ಯಾನಿನ ಮೇಲೂ ತಂತಿ ಇದೆ ಮಗಾ, ಕಾಣಲ್ಲ ಅಷ್ಟೇ,” ಎಂದರು. ಅವತ್ತು ಮುಂದಿನ ಎರಡು ಮನೆಗಳ ಹಾಲು ತೆಗೆದುಕೊಳ್ಳುವುದನ್ನೇ ಮರೆತೆ.

ಡೇರೆ ಕಟ್ಟಿದ್ದು ಬೇರೆಯೇ ಕಾರಣಕ್ಕೆ. ಪಕ್ಕದ ಹಳ್ಳಿಯಲ್ಲಿ ಹಳೆಯ ಡೇರೆಯ ಮರದ ಚೌಕಟ್ಟು ಸಿಕ್ಕಿತ್ತು. ತಾನು ಇಷ್ಟು ತಿಂಗಳು ಒತ್ತಿದ ಹಾಸುಗಳು ಒಂದು ಮಳೆ ತಡೆಯುತ್ತವೆಯೇ ಎಂದು ನೋಡಬೇಕಿತ್ತು, ಹಿಮ ಬಿದ್ದು ಕಾರು ಬರುವುದರೊಳಗೆ. ಎರಡು ದಿನ ಹಿತ್ತಲಲ್ಲಿ ಕುಳಿತು ಹಾಸು ಹೊಲಿದು, ಎರಡನೆಯ ದಿನ ಕತ್ತಲಾದ ಮೇಲೆ ಒಬ್ಬರೇ ಏಣಿ ಹತ್ತಿ ಇಳಿದು ಕಟ್ಟಿದರು. ಅಂಗಳದಲ್ಲಿ ಡೇರೆ ಎದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಆದರೆ ನನ್ನನ್ನು ನೋಡಲು ಯಾರು ಬರುತ್ತಾರೆ ಎಂದುಕೊಂಡರಂತೆ.

ಬಂದರು. ಮೊದಲು ತುರ್ದುಬೆಕ್ ಹಿರಿಯರು, ಕೋಲೂರಿ, ನಿಜವಾದ ಕಣ್ಣೀರು ಸುರಿಸುತ್ತ. ಹಿಂದೆ ಬಾತ್ಮಾ, ತೀರಿಕೊಂಡವರ ಹೆಸರಲ್ಲಿ ಕರಿಯುವ ರೊಟ್ಟಿಗೆಂದು ಹಿಟ್ಟಿನ ಚೀಲ ಎತ್ತಿಕೊಂಡು. ಅವರ ಹಿಂದೆ ಇಡೀ ಬೀದಿ. ಹಿರಿಯರ ಮಗ ಒಂದು ಕುರಿಯನ್ನು ಕಿವಿ ಹಿಡಿದು ಎಳೆದು ತರುತ್ತಿದ್ದ. ಸುಮಾರು ಮೂವತ್ತು ಜನ ಗೇಟಿನಲ್ಲಿ ಒಬ್ಬರ ಮೇಲೊಬ್ಬರು ಬಂದು ನಿಂತರು. ಎದುರಿಗೆ ಕೆಟಲ್ ಹಿಡಿದ ಹೆಣ.

ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನನ್ನ ವ್ಯಾನಿನ ಕಡೆ ನೋಡಿದೆ. ತುರ್ದುಬೆಕ್ ಹಿರಿಯರು ಮೆಟ್ಟಿಲ ಮೇಲೆ ಕುಸಿದು ಕುಳಿತು ತುಂಬ ಹೊತ್ತು ಏದುಸಿರು ಬಿಟ್ಟರು. ಆಮೇಲೆ ಹೆಂಡತಿಗೆ ಹೇಳಿದರು, ಆದರೆ ಊರಿಗೆ ಕೇಳುವ ಹಾಗೆ:

“ಸತ್ತಳು ಅಂದ ತಕ್ಷಣ ಕುರಿ ಎಳ್ಕೊಂಡು ಓಡಿ ಬಂದ್ವಿ. ಏಳು ತಿಂಗಳಿಂದ ಕಣ್ಣೆದುರಿಗೆ ಬದುಕಿದ್ಳಲ್ಲ, ಒಂದು ದಿನ ಕರೆದು ಒಂದು ತುತ್ತು ಹಾಕಿದ್ವಾ?”

ಬಾತ್ಮಾ ಹಿಟ್ಟಿನ ಚೀಲ ಕೆಳಗಿಟ್ಟಳು. “ಚಳಿ ಬಂದ್ರೆ ಹೊರಡ್ತಾಳೆ ಅಂದ್ಕೊಂಡಿದ್ವಿ.”

“ಹೊರಡೋಳು ಡೇರೆ ಯಾಕೆ ಕಟ್ತಾಳೆ, ಬಾತ್ಮಾ?” ಎಂದರು ಅಪಾ.

ಬಾತ್ಮಾ ಮುಂದೆ ಹೋಗಿ ಡೇರೆಯ ಹಾಸನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು. ಪಡುವಣ ಗಾಳಿಯ ಕಡೆಗೆ ಇನ್ನೊಂದು ಪದರ ಬೇಕು, ನಾಳೆ ನಾವೆಲ್ಲ ಬರುತ್ತೇವೆ ಎಂದಳು. ಹಿರಿಯರು ಕುರಿಯ ಕಡೆ ನೋಡಿ, ಕೊಡಲೆಂದು ಹೊರಗೆ ತಂದ ಕುರಿಯನ್ನು ಮತ್ತೆ ಕೊಟ್ಟಿಗೆಗೆ ಅಟ್ಟುವುದು ನಮ್ಮ ಮನೆಯಲ್ಲಿಲ್ಲ ಎಂದರು.

ಅವತ್ತು ಸಂಜೆಯೇ ಅವರ ಮನೆಯಲ್ಲಿ ಎರುಲುಕ್. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಅಪಾ ಅವರನ್ನು ಕೂರಿಸಿದರು. ಹಿರಿಯ ಹೆಂಗಸರಿಗೆ ಸಲ್ಲುವ ಬೆನ್ನ ಕೆಳಗಿನ ತುಂಡನ್ನು ಮೂಳೆ ಸಮೇತ ಅವರ ಮುಂದಿಟ್ಟರು. ಮುಂದಿನ ಮನೆಯವರು ಶುಕ್ರವಾರಕ್ಕೆ ಕರೆದರು, ಅದರಾಚೆಯವರು ಭಾನುವಾರಕ್ಕೆ. ನನ್ನನ್ನು ಬಾಗಿಲ ಹತ್ತಿರ ಕೂರಿಸಿ, ಅತ್ತು ಅತ್ತು ಸುಸ್ತಾಗಿರುತ್ತಾನೆ ಎಂದು ಬಟ್ಟಲು ತುಂಬ ಸಾರು ಕೊಟ್ಟರು. ಆ ವಾರವಿಡೀ ಯಾವ ಅಂಗಳಕ್ಕೆ ವ್ಯಾನು ಹೋದರೂ, ಇವತ್ತು ನಮ್ಮಲ್ಲಿ ಎಲ್ಲರೂ ಬದುಕಿದ್ದೇವೆ ಎಂದು ಮೊದಲೇ ಹೇಳಿ ಹಾಲು ತಂದರು.

ಮೊದಲ ಹಿಮ ನವೆಂಬರಿನ ಎರಡನೆಯ ವಾರ ಬಿದ್ದಿತು. ಬೇಗಾಯಿಮ್ ಮಾತಿಗೆ ತಪ್ಪದೆ ಕಾರಿನಲ್ಲಿ ಬಂದಳು. ನಾನು ಹಾಲು ಕೊಡಲು ಹೋದವನು ಟೀಗೆಂದು ಡೇರೆಯೊಳಗೆ ಕುಳಿತಿದ್ದೆ. ಹೊರಗೆ ಹಿಮ, ಒಳಗೆ ಒಂದು ಹನಿಯಿಲ್ಲ. ಒಲೆಯ ಪಕ್ಕದ ಹಲಗೆಯ ಮೇಲೆ ತೊಳೆದು ಒಣಗಿಸಿದ ಮೂಳೆಯೊಂದು ಇತ್ತು. ಇದೇನು ಎಂದು ಮಗಳು ಕೇಳಿದಳು. ಸಾಕ್ಷಿ ಎಂದರು ಅಪಾ.

ಬೇಗಾಯಿಮ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಕರಾರು ಮುಗಿಯಿತೆಂದು ಅವಳಿಗೆ ಗೊತ್ತಾಯಿತು. ಆದರೂ ಆರು ಗಂಟೆ ಕಾರು ಓಡಿಸಿ ಬಂದವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನನ್ನ ಎದುರಿಗೆ ಕೇಳಬಾರದ ಮಾತು, ಕೇಳಿಯೇಬಿಟ್ಟಳು.

“ಉಣ್ಸೋದು ಉಣ್ಸಿದ್ರು, ಸರಿ ಅಪಾ. ನಾಳೆ ನೀನು ಇಲ್ಲೇ ಸತ್ರೆ? ನಾವು ಬರೋದ್ರೊಳಗೆ ಆರು ಗಂಟೆ ಆಗುತ್ತೆ. ಅಲ್ಲೀವರೆಗೂ ನಿನಗೆ ಅಂತ ಅಳೋಕೆ ಇಲ್ಲಿ ಯಾರಿದ್ದಾರೆ?”

ಅಪಾ ಅವಳ ಬಟ್ಟಲಿಗೆ ಅರ್ಧ ಟೀ ಬಗ್ಗಿಸಿದರು. ಆಮೇಲೆ ಗದ್ದದಿಂದ ನನ್ನ ಕಡೆ ತೋರಿಸಿದರು.

“ಇವನಿದ್ದಾನೆ. ಕಣ್ಣೀರು ಕಮ್ಮಿ, ಆದ್ರೆ ಊರನ್ನೆಲ್ಲ ಎಬ್ಬಿಸ್ಕೊಂಡು ಬರ್ತಾನೆ.”