ಕಿಲಾರಿ ಜುಂಜಯ್ಯನ ಟೋಕನ್ನು

ಹಿರಿಯೂರು ಸೀಮೆಯ ಆ ಹಟ್ಟಿಯಲ್ಲಿ ದೇವರ ಎತ್ತುಗಳನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಸಂಬಳ ಸೊನ್ನೆ, ಕಟ್ಟುಪಾಡು ಮಾತ್ರ ಹೇರಳ. ಹೆಂಡ ಮುಟ್ಟುವಂತಿಲ್ಲ, ಜೂಜಾಡುವಂತಿಲ್ಲ. ಜುಂಜಯ್ಯ ಮೀಸೆ ಮೂಡಿದಾಗ ಹಿಡಿದ ಕೋಲನ್ನು ಮೀಸೆ ನರೆತರೂ ಬಿಟ್ಟಿರಲಿಲ್ಲ. ದೀಪಾವಳಿಗೆ ಊರೆಲ್ಲ ಇಸ್ಪೀಟಿಗೆ ಕೂತರೆ ಈತ ಎತ್ತುಗಳ ಮೈ ತಿಕ್ಕುತ್ತಿದ್ದ. ಅವೆಂದರೆ ಅವನಿಗೆ ಪ್ರಾಣ. ಹೆಂಡತಿ ಪಾಲಮ್ಮನಿಗೆ ಅದೊಂದು ಸಿಟ್ಟು ಇವತ್ತಿಗೂ ಇದೆ.

ಇಂಥವನ ಫೋನಿಗೆ ಕ್ಯಾಸಿನೋ ಟೋಕನ್ನು ಹಾಕಿಕೊಟ್ಟ ಪುಣ್ಯಾತ್ಮ ಅವನ ಮಗಳ ಗಂಡ, ಮೊಬೈಲ್ ಅಂಗಡಿಯ ರಂಗೇಶ್. ಇಂಟರ್‌ನೆಟ್ಟಿನ ಜೂಜಿನ ಮನೆಯೊಂದು ತನ್ನದೇ ನಾಣ್ಯ ಹೊರಡಿಸಿದೆಯಂತೆ. ಅದನ್ನು ಕೊಂಡು ಅವರಲ್ಲೇ ಕಟ್ಟಿಹಾಕಿದರೆ ಮನೆಯ ಲಾಭದಲ್ಲಿ ಒಂದಿಷ್ಟು ಬರುತ್ತದಂತೆ. ಸ್ಟೇಕಿಂಗ್ ಅಂತ ಅದರ ಹೆಸರು.

"ಅಂದ್ರೆ ಕುರಿ ಪಾಲಿಗೆ ಬಿಟ್ಟಂಗೆ," ಎಂದ ಜುಂಜಯ್ಯ. ಕುರಿಯನ್ನು ಇನ್ನೊಬ್ಬರ ಮಂದೆಗೆ ಬಿಟ್ಟು, ಹುಟ್ಟಿದ ಮರಿಗಳಲ್ಲಿ ಅರ್ಧ ತೆಗೆದುಕೊಳ್ಳುವುದು ನಮ್ಮ ಕಡೆ ಮಾಮೂಲು.

"ಥೇಟ್ ಹಂಗೇ ಮಾವ. ಇದು ಆಟ ಅಲ್ಲ, ಇನ್ವೆಸ್ಟ್‌ಮೆಂಟು."

ಮುಗಿಯಿತಲ್ಲ! ಜುಂಜಯ್ಯ ಟಗರು ಮಾರಿ ಟೋಕನ್ನು ಕೊಂಡ. ಬೆಳಿಗ್ಗೆ ಎದ್ದರೆ ಮೊದಲು ಫೋನು, ಆಮೇಲೆ ಎತ್ತು. "ಮರಿ ಹಾಕೈತೆ ನೋಡೇ," ಎಂದು ಪಾಲಮ್ಮನ ಮುಖಕ್ಕೆ ಹಿಡಿಯುತ್ತಿದ್ದ. ಆಕೆ ಒಲೆಯ ಕಡೆ ತಿರುಗುತ್ತಿದ್ದಳು.

ಹಟ್ಟಿಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಗುಡಿ ಮುಂದೆ ಪಂಚಾಯ್ತಿ ಸೇರಿತು.

"ಜೂಜಾಡಿದ್ಯೇನಪ್ಪ?" ಎಂದು ಕೇಳಿದರು ಹಟ್ಟಿಯ ಯಜಮಾನ ಕ್ಯಾತಪ್ಪ.

"ಒಂದಿನಾನೂ ಇಲ್ಲ ಯಜಮಾನ್ರೆ. ಪಾಲಿಗೆ ಬಿಟ್ಟಿದೀನಿ, ಅಷ್ಟೇಯ."

ಚರ್ಚೆ ಭರ್ಜರಿಯಾಗಿ ನಡೆಯಿತು. ಇಸ್ಪೀಟಿನವರಿಗೆ ಮನೆ ಬಾಡಿಗೆ ಕೊಟ್ಟವನು ಜೂಜುಕೋರನೇ? ಚಾಪೆ ಮಾರಿದವನು? ರಂಗೇಶ್ ಅರ್ಧ ಇಂಗ್ಲಿಷಿನಲ್ಲಿ ವಾದಿಸಿದ್ದರಿಂದ ಕೆಲವರು ಸುಮ್ಮನೆ ಒಪ್ಪಿದರು. ಕೊನೆಗೆ ಇದು ಹೂಡಿಕೆಯೇ ಎಂದು ತೀರ್ಮಾನವಾಯಿತು. 'ಜೂಜಿನ ಕಾಸು ತಿಂದಿಲ್ಲ' ಎಂದು ದೇವರೆತ್ತಿನ ಮೈ ಮುಟ್ಟಿ ಆಣೆ ಇಟ್ಟರೆ ಕೋಲು ಅವನದೇ, ಇಲ್ಲವಾದರೆ ಅವನ ತಮ್ಮ ಮಂಜಣ್ಣನದು.

ಜುಂಜಯ್ಯ ಪಂಚೆ ಕೊಡವಿ ಎದ್ದ.

"ಅಲ್ಲ ರಂಗೇಶಪ್ಪ, ಅದು ಮರಿ ಹಾಕ್ಬೇಕಂದ್ರೆ ಏನಾರ ಮೇಯ್ಬೇಕಲ್ಲ?" ಎಂದಳು ಪಾಲಮ್ಮ.

"ಆಡೋರು ಸೋತಷ್ಟೂ ನಮಗೆ ಲಾಭ ಅತ್ತೆ," ಎಂದ ರಂಗೇಶ್. ಹೆಮ್ಮೆಯಿಂದಲೇ ಹೇಳಿದ.

ಜುಂಜಯ್ಯ ಹತ್ತಿರ ಹೋದಂತೆ ಎತ್ತು ಗಂಗೆದೊಗಲು ತುರಿಸಿಕೊಳ್ಳಲು ಕತ್ತು ಚಾಚಿತು. ಅವನು ಕೈ ಎತ್ತಿದ. ಬೆಳಿಗ್ಗೆ ಫೋನು ನೋಡಿ ತಾನು ಹಿಗ್ಗಿದ್ದು ನೆನಪಾಯಿತು. ಆ ಹೊತ್ತಿಗೆ ಎಲ್ಲೋ ಯಾರೋ ಸೋತು ಕೂತಿದ್ದರು. ಅವನಿಗೆ ನಾಚಿಕೆಯಾಯಿತು, ಎತ್ತಿದ ಕೈ ಇಳಿಸಿದ.

"ಹೂಡಿಕೆ ಅಂತ ತೀರ್ಮಾನ ಆಗೈತಲ್ಲಪ್ಪ, ಮುಟ್ಟು," ಎಂದರು ಕ್ಯಾತಪ್ಪ.

"ನೀವು ಹೇಳಿದ್ದು ಸರಿ ಇರಬೌದು ಯಜಮಾನ್ರೆ. ನನ್ ಕೈ ಹೋಗವಲ್ದು."

ಕೋಲನ್ನು ಮಂಜಣ್ಣನ ಕೈಗಿತ್ತ.

"ಕೆಂದೆತ್ತು ನೀರು ಕುಡಿಯೋವಾಗ ಹಾಯ್ತೈತೆ," ಎಂದ. "ಬೈಬ್ಯಾಡ ಅದನ್ನ."