ಅಕ್ಕನ ಅಳತೆ ಜಂಪರ್

೧೯೮೯ರಲ್ಲಿ ನಾನು ಏಳನೆಯ ಇಯತ್ತೆಯ ಪಾಟಿಚೀಲವನ್ನು ಆಗಿನ ವಿಜಾಪುರದ ನಮ್ಮ ಮನೆಯ ಗೂಟಕ್ಕೆ ನೇತುಹಾಕಿದೆ, ಮತ್ತೆ ಇಳಿಸಲಿಲ್ಲ. ಅವ್ವ ತೀರಿಕೊಂಡ ವರ್ಷ ಅದು. ಎದೆಯಲ್ಲಿ ಗಂಟಾಗಿತ್ತಂತೆ ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದು ಮಾತಾಡಿಕೊಂಡರು. ಆ ಗಂಟಿಗೊಂದು ಹೆಸರಿದೆಯೆಂದು ನನಗೆ ತಿಳಿಯಲು ಇಪ್ಪತ್ತೇಳು ವರ್ಷ ಮತ್ತು ಮುಂಬಯಿಯ ಆಸ್ಪತ್ರೆಯೊಂದರ ಉದ್ದನೆಯ ಬೆಂಚು ಬೇಕಾಯಿತು.

ಗೂಟಗಳು ಮಾತ್ರ ನನ್ನನ್ನು ಬಿಡಲಿಲ್ಲ. ಮುಂಬಯಿಗೆ ಬಂದು ಅಂಧೇರಿಯಲ್ಲಿ ಹಾಕಿದ ನನ್ನ ಅಂಗಡಿಯ ಗೋಡೆ ತುಂಬ ಈಗ ಅವೇ, ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೀಲ, ಚೀಲದೊಳಗೆ ಹೊಸ ರವಿಕೆ ಕಣದ ಜೊತೆ ಒಂದು ಹಳೆಯ ಜಂಪರ್. ಲೇಡೀಸ್ ಟೇಲರನ ಕಸುಬಿನಲ್ಲಿ ಇದೊಂದು ಮರ್ಯಾದೆಯ ಪದ್ಧತಿ, ಗೆಳೆಯರೇ: ಮೈಗೆ ಟೇಪು ಹಿಡಿಸಿಕೊಳ್ಳಲು ಸಂಕೋಚಪಡುವ ಹೆಂಗಸರು ತಮಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆಗೆಂದು ತರುತ್ತಾರೆ. ಬಣ್ಣ ಹೋಗಿದ್ದರೂ, ಕಂಕುಳಲ್ಲಿ ಹರಿದಿದ್ದರೂ, ನೀರಿನ ಕೊಡ ಹೊತ್ತು ಒಂದು ಭುಜ ಇಳಿದದ್ದನ್ನು, ಬಾಣಂತನದಲ್ಲಿ ಬಿಚ್ಚಿದ ಹೊಲಿಗೆಯನ್ನು, ಟೇಪಿಗೆ ತಿಳಿಯದ ಇಂಥ ಎಷ್ಟೋ ಸಂಗತಿಗಳನ್ನು ಆ ಹಳೆಯ ಅರಿವೆ ನನಗೆ ಗುಟ್ಟಾಗಿ ಹೇಳಿಬಿಡುತ್ತದೆ. ಅಳತೆ ತರದವರ ಬಟ್ಟೆಗೆ ನಾನು ಕತ್ತರಿ ಹಾಕುವುದಿಲ್ಲ. ಈ ವಿಷಯದಲ್ಲಿ ನಾನು ಜಂಬದ ಮನುಷ್ಯನೆಂದು ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತು.

ನನ್ನ ಅಕ್ಕ ಗೌರವ್ವ ವಿಕ್ರೋಳಿಯಲ್ಲಿದ್ದಾಳೆ. ಅವ್ವನ ಗಂಟು ಅವಳಿಗೂ ಬಂತು, ಒಂದು ಎದೆಯನ್ನು ತೆಗೆದರು, ಅಕ್ಕ ಉಳಿದಳು. ಅಂದಿನಿಂದ ಅವಳ ಜಂಪರುಗಳನ್ನು ಒಳಗೊಂದು ಕಿಸೆಯಿಟ್ಟು, ಕಿಸೆಯಲ್ಲಿ ಅರಳೆ ತುಂಬಿ ನಾನೇ ಹೊಲಿಯುತ್ತೇನೆ. ಹೋದ ತಿಂಗಳು ಅಂಥದೊಂದಕ್ಕೆ ಗುಂಡಿ ಹಚ್ಚುತ್ತಿದ್ದಾಗ, ಬಾಂದ್ರಾದ ಆಫೀಸಿನಿಂದ ಬಂದ ಮಗಳು ವಿದ್ಯಾ ಅದನ್ನು ಕೈಗೆತ್ತಿಕೊಂಡು, ಒಳಗಿನ ಕಿಸೆಯಲ್ಲಿ ಬೆರಳಾಡಿಸಿ ಕೇಳಿದಳು: "ಅಜ್ಜಿಗೆ ಆಯ್ತು, ಅತ್ತಿಗೂ ಆಯ್ತು. ನೆಕ್ಸ್ಟ್ ನಂಬರ್ ಮೇರಾ ಹೈ ಕ್ಯಾ, ಪಪ್ಪಾ?"

ಮುಂದಿನ ಸರದಿ ತನ್ನದೇ ಎಂದು ಅವಳು ಕೇಳಿದ್ದಕ್ಕೆ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಮನೆತನದಲ್ಲಿ ಹರಿದುಬರುವ ಕ್ಯಾನ್ಸರನ್ನು ಜೀನ್ ನೋಡಿ ಮೊದಲೇ ಹೇಳುವ ಪರೀಕ್ಷೆಯೊಂದಿದೆ ಎಂದು ಅವಳೇ ತಿಳಿಸಿದಳು. ಅಕ್ಕನಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೂ ಮಾಡುತ್ತಾರೆ, ಆದರೆ ಸಿಕ್ಕಿದ ತಾರೀಖು ದೀಪಾವಳಿಯ ಆಚೆಗಿತ್ತು; ಖಾಸಗಿ ಲ್ಯಾಬಿನಲ್ಲಾದರೆ ನಾಳೆಯೇ. ಕಸೂತಿ ತಾನಾಗಿಯೇ ಹಾಕುವ ಕಂಪ್ಯೂಟರ್ ಮಶೀನಿನ ಕನಸಿಗೆಂದು ನಾನು ಕೂಡಿಟ್ಟದ್ದಿತ್ತು. ಮೂರು ದಿನ ಕತ್ತರಿ ಕೈಯಲ್ಲಿ ಹಿಡಿದು ತೂಗಿದೆ. ಮಶೀನು ಕೊಂಡರೆ ಬಟ್ಟೆಯ ಮೇಲೆ ನವಿಲು ಕುಣಿಯುವುದನ್ನು ಕಣ್ಣಾರೆ ನೋಡಬಹುದು. ಪರೀಕ್ಷೆ ಕೊಂಡರೆ ಸಿಗುವುದು ಒಂದು ಕಾಗದ, ಅದು ಒಳ್ಳೆಯದನ್ನೇ ಹೇಳೀತೆಂಬ ಭರವಸೆಯೂ ಇಲ್ಲ. ಆದರೆ ಅವ್ವನ ಕಾಲಕ್ಕೆ ಇಲ್ಲದ್ದು ಆ ಒಂದು ಕಾಗದವೇ ಅಲ್ಲವೇ? ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಂಗಾರ ಕೊಳ್ಳಲು ಹೊರಟವನ ಠೀವಿಯಲ್ಲಿ ಮಗಳನ್ನು ಕರೆದುಕೊಂಡು ಲ್ಯಾಬಿಗೆ ಹೋದೆ.

ಅಲ್ಲಿ ಸಲಹೆ ಹೇಳುವ ಹುಡುಗಿ, ವಿದ್ಯಾಳ ವಯಸ್ಸಿನವಳೇ, ಹಾಳೆಯ ಮೇಲೆ ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ ಬರೆದು ನಮ್ಮ ವಂಶವನ್ನು ಐದು ನಿಮಿಷದಲ್ಲಿ ಬಿಡಿಸಿಟ್ಟಳು. ಆಮೇಲೆ, ನಿಮ್ಮ ಮಗಳ ರಕ್ತ ಈಗಲೇ ಬೇಡ ಎಂದುಬಿಟ್ಟಳು. ರೊಕ್ಕ ಕೊಡಲು ಬಂದವನನ್ನು ತಿರುಗಿ ಕಳಿಸುತ್ತಾಳಲ್ಲ ಎಂದು ನನಗೆ ಸಿಟ್ಟೇ ಬಂತು. ಅವಳು ಸಮಾಧಾನದಿಂದ ವಿವರಿಸಿದಳು: ಕಾಯಿಲೆ ಬಂದು ಉಳಿದಿರುವ ಅತ್ತೆಯನ್ನು ಮೊದಲು ನೋಡಬೇಕು; ಅವರಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾದರೆ ಉಳಿದವರಲ್ಲಿ ಅದೇ ಜಾಗವನ್ನು ಹುಡುಕಬಹುದು; ಅದಿಲ್ಲದೆ ಮಗಳ ವರದಿ ಚೊಕ್ಕಟವಾಗಿ ಬಂದರೂ ಅರ್ಧ ಸಮಾಧಾನವಷ್ಟೇ. ಅತ್ತೆಯಲ್ಲೂ ಏನೂ ಸಿಗದೆ ಹೋಗಬಹುದು, ಸಿಕ್ಕದ್ದರ ಅರ್ಥ ಯಾರಿಗೂ ತಿಳಿಯದೆಯೂ ಇರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಸಿಟ್ಟು ಹೋಗಿ, ಖುಷಿಗೆ ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದೇ ಬಾಕಿ. ಇದು ನನ್ನ ಕಸುಬಿನ ಮಾತು. ಇಷ್ಟು ವರ್ಷ ಗಿರಾಕಿಗಳಿಗೆ ನಾನು ಹೇಳುತ್ತ ಬಂದದ್ದನ್ನೇ ಈ ಓದಿದ ಹುಡುಗಿ ಗಾಜಿನ ಕೋಣೆಯಲ್ಲಿ ಕೂತು ನನಗೆ ಹೇಳುತ್ತಿದ್ದಾಳೆ: ಅಳತೆ ಜಂಪರ್ ತನ್ನಿ. ಏಳನೆಯ ಇಯತ್ತೆಯವನಿಗೆ ಆ ವಿಜ್ಞಾನ ಅಂಗೈ ರೇಖೆಯಷ್ಟು ಸ್ಪಷ್ಟವಾಗಿ ಕಂಡಿತು. ಅವಳ ಪೆನ್ಸಿಲು ಆಮೇಲೆ ಅಜ್ಜಿಯ ದುಂಡಿನಿಂದ ವಿದ್ಯಾಳ ದುಂಡಿಗೆ ಇಳಿಯುವ ಗೆರೆಯ ಮೇಲಿದ್ದ ಒಂದು ಚೌಕವನ್ನು ಮುಟ್ಟಿತು. ಆ ಚೌಕ ನಾನು. ಅಕ್ಕನಲ್ಲಿ ದೋಷ ಸಿಕ್ಕರೆ ಮುಂದಿನ ಸರದಿ ನಿಮ್ಮದು, ಗಂಡಸರೂ ಅದನ್ನು ಹೊತ್ತು ದಾಟಿಸುತ್ತಾರೆ ಎಂದಳು. ಜೀವಮಾನವೆಲ್ಲ ಹೆಂಗಸರ ಬಟ್ಟೆ ಹೊಲಿದು, ಇದು ಹೆಂಗಸರ ದಾರಿಯಲ್ಲೇ ನಡೆಯುವ ಕಾಯಿಲೆಯೆಂದು ನಂಬಿದ್ದವನಿಗೆ ತನ್ನ ಮೈಯಲ್ಲೇ ಅದರ ನೂಲು ಓಡಿರಬಹುದೆಂಬುದು ಭಯಕ್ಕಿಂತ ದೊಡ್ಡ ಬೆರಗಾಗಿತ್ತು.

ಭಾನುವಾರ ಅಪ್ಪ ಮಗಳಿಬ್ಬರೂ ವಿಕ್ರೋಳಿಗೆ ಹೋದೆವು. ಅಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿ, ತಲೆ ಎತ್ತದೆ ಅಂದಳು: "ನಂದು ಕೊಯ್ದ್ ಒಗದಾರ. ಇನ್ನೇನ್ ಹುಡಕ್ತಾರ? ಹರಕ ಜಂಪರ್ ಅದೀನಿ ನಾ."

"ಹರದ್ರೂ ಅಳತಿ ಅದರಾಗ ಇರ್ತೈತಿ, ಅಕ್ಕಾ," ಎಂದೆ.

ಅವಳ ನಿಜವಾದ ಅಂಜಿಕೆ ಬೇರೆಯಿತ್ತು. ಸೊಪ್ಪಿನ ದಂಟು ಮುರಿಯುವ ಸದ್ದಿನ ನಡುವೆ ಅದು ಹೊರಬಂತು. "ನನ್ನ ರಕ್ತದಾಗ ಸಿಕ್ತು ಅಂತ ತಿಳಿ. ಈ ಮನಿ ಹೆಣ್ಣ ಬ್ಯಾಡ ಅಂತಾರ ಮಂದಿ. ಈಕಿ ಲಗ್ನ ಯಾರ್ ಮಾಡ್ಕೋತಾರೊ, ಶಾಣ್ಯಾ?"

ವಿದ್ಯಾ ಅತ್ತೆಯ ಎದುರು ಕೂತು ತಾನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡಳು. "ಅತ್ತಿ, ಅಜ್ಜಿಗೆ ಯಾರೂ ಹೇಳ್ಲೇ ಇಲ್ಲ. ನಿಮಗೆ ಲೇಟ್ ಹೇಳಿದ್ರು. ನಂಗೆ ಟೈಮ್ ಪೇ ಗೊತ್ತಾಗ್ಬೇಕು. ಲಗ್ನ ಕಾ ಬಾದ್ ಮೇ ದೇಖೇಂಗೆ, ಆಮೇಲೆ ನೋಡೋಣ."

"ಸೊಪ್ಪ ಬಿಡಸಾಕ್ ಬರಂಗಿಲ್ಲ, ಮಾತ್ ನೋಡ್ ಇಕಿದು," ಎಂದು ಅಕ್ಕ ಅವಳ ಕೈಯಿಂದ ಕಟ್ಟನ್ನು ಕಸಿದುಕೊಂಡು, ನನ್ನ ಕಡೆ ತಿರುಗಿದಳು: "ರೊಕ್ಕ ನಿಂದು, ರಕ್ತ ನಂದು. ಹಸರ ಇಳಕಲ್ಲ ಸೀರಿಗೆ ಒಂದ್ ಜಂಪರ್ ಹೊಲಿ. ಉಟ್ಕೊಂಡು ಬರ್ತೀನಿ."

ಹೊಲಿದೆ. ಅದನ್ನು ತೊಟ್ಟು, ಲೋಕಲ್ ರೈಲಿನಲ್ಲಿ ಕಿಟಕಿಯ ಸೀಟು ಹಿಡಿದು, ಮದುವೆಗೆ ಹೊರಟವಳಂತೆ ಅಕ್ಕ ಲ್ಯಾಬಿಗೆ ಬಂದಳು. ರಕ್ತ ತೆಗೆಯುವವನಿಗೆ, ಬೇಕಾದಷ್ಟು ತಗೋಳಪ್ಪಾ, ನಮ್ಮ ಹುಡುಗಿಗೆ ಅಳತೆ ಕಡಿಮೆಯಾಗಬಾರದು ಎಂದು ತನ್ನ ಒಡಕು ಹಿಂದಿಯಲ್ಲಿ ತಾಕೀತು ಮಾಡಿದಳು. ಲ್ಯಾಬಿನ ಮೆಟ್ಟಿಲು ಇಳಿದು ಹೋಗುವಾಗ ತನ್ನ ಹಳೆಯ ಜಂಪರನ್ನು ನನ್ನ ಕೈಗಿಟ್ಟಳು, ಮುಂದಿನದಕ್ಕೆ ಇರಲಿ ಎಂದು.

ಗೂಟಕ್ಕೆ ತೂಗಿದ ಅವಳ ಚೀಲವನ್ನು ಈಗ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅವ್ವನ ವರ್ಷ ನಾನು ನೇತುಹಾಕಿದ ಚೀಲದಲ್ಲಿ ಓದಲಾರದೆ ಬಿಟ್ಟ ಪಾಠಗಳಿದ್ದವು. ಇದರಲ್ಲಿ ಓದಲು ಕಾದಿರುವ ಒಂದು ಪಾಠವಿದೆ. ಅದು ಏನೇ ಹೇಳಲಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಪುಲಕ ಈ ವಯಸ್ಸಿನಲ್ಲಿ ನನಗೆ ಬಂದಿದೆ.

ಈಗ ನನ್ನ ಬಳಿ ಇರುವುದು ಇಷ್ಟು: ಕಾಲಿನಿಂದ ತುಳಿಯುವ ಎರಡು ಮಶೀನು, ಒಂದು ಕತ್ತರಿ, ಒಬ್ಬಳು ಅಕ್ಕ, ಒಬ್ಬಳು ಮಗಳು, ಅಳತೆಗೊಂದು ಜಂಪರ್, ವರದಿ ಬರಲು ಹನ್ನೊಂದು ದಿನ, ಮತ್ತು ನನ್ನ ಸರದಿ ಬಂದರೆ ಸೂಜಿಗೆ ಚಾಚಲು ಒಂದು ತೋಳು.