ಬಸ್ಸಿಲ್ಲದ ಬೀದಿ

ಬಾಡಿಗೆಗೆ ಮನೆ ನೋಡಲು ಬಂದವರು ಮೊದಲು ನಲ್ಲಿ ತಿರುಗಿಸುತ್ತಾರೆ. ಆಕೆ ಬಂದ ದಿನ ನೇರವಾಗಿ ಮಹಡಿಯ ಕಿಟಕಿಗೆ ಹೋಗಿ, ಎದುರಿನ ಬ್ಯಾಂಕಿನ ಗಾಜಿನ ಗೋಡೆಯನ್ನು ಅಳೆದೂ ಸುರಿದೂ ನೋಡಿದಳು.

"ಸಿಗ್ನಲ್ ಇದಕ್ಕೆ ಬಡಿದು ಚೆನ್ನಾಗಿ ವಾಪಸ್ ಬರುತ್ತೆ, ಮೇಷ್ಟ್ರೇ."

"ನೀರು ದಿನಾ ಬರಲ್ಲಮ್ಮ," ಎಂದೆ ನಾನು, ನಿಜ ಹೇಳಿಬಿಡೋಣವೆಂದು.

"ಪರವಾಗಿಲ್ಲ ಬಿಡಿ."

ಹೀಗೆ ಆಕೆ ನಮ್ಮ ಮೇಲುಮನೆಯವಳಾದಳು. ಕೆಲಸ, ಮೊಬೈಲ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಒಮ್ಮೆ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದೊಯ್ದು ತೋರಿಸಿದಳು. ಹೊರಗಿನ ಒಂದು ಅಲೆಯೂ ನುಸುಳದ ಕಬ್ಬಿಣದ ಕೋಣೆ. ಅದರೊಳಗೆ ಅರವತ್ತನಾಲ್ಕು ಆಂಟೆನಾಗಳ ಹೊಸ ಯಂತ್ರ, ಮುಂದೆ ನಮ್ಮ ಬೀದಿಯ ಕಂಬವೇರಿ ಫೋನುಗಳಿಗೆ ಸಿಗ್ನಲ್ ಕಳಿಸಬೇಕಾದದ್ದು. ಒಂದೊಂದು ಆಂಟೆನಾದಿಂದಲೂ ಒಂದೊಂದು ವೈರು ಹೊರಟು ಬೀರುವಿನಷ್ಟು ದೊಡ್ಡ ಪೆಟ್ಟಿಗೆಯನ್ನು ಸೇರುತ್ತಿತ್ತು. ಆ ಪೆಟ್ಟಿಗೆಯೊಳಗೆ ನಮ್ಮ ಬೀದಿಯಿದೆ ಎಂದಳು. ಸಿಗ್ನಲ್ ಗೋಡೆಗಳಿಗೆ ಬಡಿದು, ಚದುರಿ, ಕುಂದಿ ಫೋನು ತಲುಪುವ ಬಗೆಯನ್ನೆಲ್ಲ ಅದು ನಟಿಸುತ್ತಿತ್ತು. ಯಂತ್ರವೋ, ತಾನು ಬೀದಿಯ ಕಂಬದ ಮೇಲೆಯೇ ಇದ್ದೇನೆಂದು ನಂಬಿ ದುಡಿಯುತ್ತಿತ್ತು.

"ಒಟ್ಟಿನಲ್ಲಿ ಯಂತ್ರಕ್ಕೇ ಟೋಪಿ ಹಾಕ್ತೀಯ," ಎಂದಳು ನನ್ನ ಹೆಂಡತಿ.

"ಸಂಬಳ ಕೊಡೋದೇ ಅದಕ್ಕೆ, ಅಮ್ಮಾ."

ಬೀದಿಯನ್ನು ಪೆಟ್ಟಿಗೆಗೆ ತುಂಬುವ ಮುನ್ನ ಅಳೆಯಬೇಕು. ರಜೆಯ ದಿನ ಬೆಳ್ಳಂಬೆಳಗ್ಗೆ, ಆಂಟೆನಾ ಕಟ್ಟಿದ ತಳ್ಳುಗಾಡಿಯನ್ನು ಆಕೆ ಬೀದಿಯುದ್ದಕ್ಕೂ ತಳ್ಳಿದ್ದಳು. ಯಾರ ಕಾಟವೂ ಇಲ್ಲದೆ ಅಳತೆ ಅಚ್ಚುಕಟ್ಟಾಗಿ ಬಂದಿತ್ತು. ಆ ಅಳತೆಯ ಬೀದಿಯಲ್ಲಿ ಯಂತ್ರ ಒಮ್ಮೆಯೂ ತಡವರಿಸದೆ ಪಾಸಾಯಿತು. ನಿಜವಾದ ಬೀದಿಯಲ್ಲೂ ಹೀಗೆಯೇ ನಡೆದರೆ ಪ್ರಯೋಗಾಲಯದ ಮುಖ್ಯಸ್ಥೆಯ ಹುದ್ದೆ ಆಕೆಗೇ ಎಂದು ಮೇಲಧಿಕಾರಿ ಮಾತು ಕೊಟ್ಟಿದ್ದರು. ಆ ಹುದ್ದೆಗಾಗಿ ಕಾದು ಕಾದು ಆಕೆಯ ಕಣ್ಣು ಬೆಳ್ಳಗಾಗಿತ್ತು.

ಯಂತ್ರವನ್ನು ಕಂಬಕ್ಕೇರಿಸಿದ ದಿನ ಮೇಲಧಿಕಾರಿ ನಮ್ಮ ಗೇಟಿನ ಮುಂದೆ ನಿಂತು, ತಮಗಿಂತ ದೊಡ್ಡವರೊಬ್ಬರಿಗೆ ವೀಡಿಯೋ ಕರೆ ಮಾಡಿದರು. "ಕನ್ನಡಿ ಥರ ಕಾಣ್ತಿದೆ ಸಾರ್!" ಎನ್ನುವಷ್ಟರಲ್ಲಿ ಬಸ್ಸೊಂದು ಕಂಬಕ್ಕೂ ಫೋನಿಗೂ ನಡುವೆ ತಗಡಿನ ಗೋಡೆಯಂತೆ ಬಂದು ನಿಂತಿತು. ಫೋನಿನಲ್ಲಿದ್ದ ದೊಡ್ಡವರು ಬಾಯಿ ತೆರೆದವರು ತೆರೆದಂತೆಯೇ ಉಳಿದರು. ಬಸ್ಸು ಹೋಯಿತು, ಬಾಯಿ ಮುಚ್ಚಿತು. ಹಿಂದೆಯೇ ಇನ್ನೊಂದು ಬಸ್ಸು ಬಂತು.

"ಯಂತ್ರ ತಯಾರಿಸಿದವರದ್ದೇ ತಪ್ಪು ಅಂತ ಬರೆದುಬಿಡಿ," ಎಂದು ಅಧಿಕಾರಿ ಪಿಸುಗುಟ್ಟಿದರು. "ನಿಮ್ಮ ಹುದ್ದೆಗೇನೂ ತೊಂದರೆ ಆಗಲ್ಲ."

ಆಕೆ ಬಸ್ಸಿನ ಬೆನ್ನನ್ನೇ ನೋಡುತ್ತಿದ್ದಳು. "ಯಂತ್ರದ ತಪ್ಪಲ್ಲ ಸಾರ್. ಸುಲಭದ ಪರೀಕ್ಷೆ ಕೊಟ್ಟೋಳು ನಾನು. ರಜೆ ದಿನ ಅಳೆದಿದ್ದು. ನನ್ನ ಬೀದೀಲಿ ಬಸ್ಸೇ ಇರ್ಲಿಲ್ಲ."

ಹುದ್ದೆ ಇನ್ನೊಬ್ಬರ ಪಾಲಾಯಿತು. ಇಂಥ ತಪ್ಪು ಮರುಕಳಿಸಬಾರದೆಂದು ಆ ಹೊಸ ಮುಖ್ಯಸ್ಥರು ಆಗಾಗ ಸಭೆ ಕರೆಯುತ್ತಾರಂತೆ.

"ಕೈಗೆ ಬಂದ ತುತ್ತನ್ನ ನೀನೇ ಚೆಲ್ಲಿದೆಯಲ್ಲೇ!" ಎಂದು ನನ್ನ ಹೆಂಡತಿ ಬೈದಳು.

"ಟೋಪಿ ಹಾಕೋದು ಯಂತ್ರಕ್ಕೆ ಮಾತ್ರ, ಅಮ್ಮಾ."

ಈಗ ವಾರಕ್ಕೊಮ್ಮೆ, ಬೀದಿ ಕಿಕ್ಕಿರಿದಿರುವ ಹೊತ್ತನ್ನೇ ಆರಿಸಿಕೊಂಡು, ಆಕೆ ತಳ್ಳುಗಾಡಿಯೊಂದಿಗೆ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾಳೆ. ಯಾರೂ ಗಾಡಿಗೆ ಡಿಕ್ಕಿ ಹೊಡೆಯದಂತೆ ನನ್ನ ಹೆಂಡತಿಯದು ಕಾವಲು.

"ಹತ್ತೋದಾದ್ರೆ ಹತ್ತಮ್ಮಾ, ಗಾಡಿಗೂ ಟಿಕೆಟ್ ಹರಿದುಕೊಡ್ತೀನಿ!" ಎಂದು ಕಂಡಕ್ಟರ್ ರೇಗುತ್ತಾನೆ.

"ಹತ್ತಲ್ಲಣ್ಣ. ನೀವು ಸ್ವಲ್ಪ ನಿಧಾನಕ್ಕೆ ಹೋಗಿ, ಅಷ್ಟು ಸಾಕು."